ಎಂಟ್ರಿ ಬೆಳಕು

ನನ್ನ ದೊಡ್ಡವ್ವನಿಗೆ ದಿನಾ ಬೆಳಿಗ್ಗೆ ಹತ್ತೂವರೆಗೆ ಹೀರೋ ಎಂಟ್ರಿ ಕೊಡುವುದು ನನ್ನ ಡ್ಯೂಟಿಯಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ನನ್ನ ಡ್ಯೂಟಿ ಸೂರು ಕಾಯುವುದು. ಮನೆಯ ಸೂರಲ್ಲ, ಗುಡ್ಡದ ಸೂರು. ಐದು ವರ್ಷದ ಹಿಂದಿನ ಮಳೆಯಲ್ಲಿ ಕುಂಬರಗೋಡು ಕಾಫಿ ಎಸ್ಟೇಟಿನ ಗುಡ್ಡ ಅರ್ಧಕ್ಕರ್ಧ ಕಳಚಿಕೊಂಡು, ಬುಡದಲ್ಲಿದ್ದ ಕೂಲಿಯವರ ಲೈನ್ ಮನೆಗಳ ಮೇಲೆ ಬಂದು ಕೂತಿತು. ಹದಿನಾಲ್ಕು ಜನ ಹೋದರು. ಹದಿಮೂರು ಜನ ಸಿಕ್ಕರು. ಸಿಗದೆ ಉಳಿದವನು ನನ್ನ ದೊಡ್ಡಪ್ಪ ಮಂಜಯ್ಯ. ಗುಡ್ಡದ ನಡುವೆ ಒಂದು ಕರಿಬಂಡೆ ಇದೆ, ಅವತ್ತು ಅಲ್ಲಿಗೆ ಕೆಲಸಕ್ಕೆ ಹೋಗಿದ್ದವನು ಅದರ ಆಸುಪಾಸಿನಲ್ಲಿ ಎಲ್ಲೋ ಮಣ್ಣೊಳಗಿದ್ದಾನೆ. ದೊಡ್ಡವ್ವ ದೇವೀರಮ್ಮ ಮಾತ್ರ ಇವತ್ತಿಗೂ "ಅವ್ರು ಮೇಲವ್ರೆ" ಅನ್ನುತ್ತಾಳೆ, ತೋಟಕ್ಕೆ ಹೋಗಿದ್ದಾರೆ ಅನ್ನುವ ಧಾಟಿಯಲ್ಲಿ.

ಉಳಿದವರು ಎರಡು ವರ್ಷ ಪೇಟೆಯ ಹಳೇ ಗೋದಾಮಿನಲ್ಲಿ, ಸೀರೆಯನ್ನೇ ಗೋಡೆ ಮಾಡಿಕೊಂಡು ಬದುಕಿದರು. ಜಾರಿದ ಗುಡ್ಡವನ್ನು ಕಟ್ಟಿ ಹಿಡಿಯಬೇಕಾದರೆ ಆಳ ಬೇರಿನ ಹಳೇ ಕಾಡೇ ಬೇಕು. ಅದು ತಾನಾಗಿ ಬರಲು ಅರವತ್ತು ವರ್ಷ ಬೇಕು. ಧೂಪ, ಸುರಹೊನ್ನೆಯಂಥ ಸಸಿಗಳನ್ನು ಬಯಲಲ್ಲಿ ನೆಟ್ಟರೆ ಸುಟ್ಟುಹೋಗುತ್ತವೆ. ಅವು ದೊಡ್ಡ ಮರಗಳ ನೆರಳಲ್ಲಿ ವರ್ಷಗಟ್ಟಲೆ ಮುದುರಿ ಕೂತಿದ್ದು, ಯಾವುದೋ ಮರ ಬಿದ್ದು ಆಕಾಶ ಕಂಡ ದಿನ ಮೇಲೇಳುವ ಜಾತಿ. ಹಾಗಾದರೆ ನೆರಳನ್ನು ಮರದ ಬದಲು ಯಂತ್ರ ಕೊಟ್ಟರೆ? ಹೀಗೆ ಕೇಳಿಕೊಂಡವರು ಬೆಂಗಳೂರಿನ ಸಸ್ಯವಿಜ್ಞಾನಿ ಡಾಕ್ಟರ್ ತಸ್ನೀಮ್. ಗುಡ್ಡದ ತುಂಬ ಉಕ್ಕಿನ ಕಂಬ ನೆಡಿಸಿದರು. ಕಂಬಗಳ ಮೇಲೆ ಹನ್ನೊಂದು ಸಾವಿರ ಪಕಳೆ, ಒಂದೊಂದೂ ಒಂದು ಬಾಗಿಲಿನಷ್ಟು ಅಗಲ. ಬೇಕಾದಷ್ಟೇ ತೆರೆಯುತ್ತವೆ, ಬೇಕಾದಷ್ಟೇ ಬೆಳಕು ಬಿಡುತ್ತವೆ. ಇದೇ ನಾನು ಕಾಯುವ ಸೂರು. ಕೆಳಗೆ ನೆಟ್ಟ ಸಸಿಗಳಿಗೆ ಬೇರಿನ ಮದ್ದು ಕೊಟ್ಟರು. ಅದರಿಂದ ಇಪ್ಪತ್ತು ವರ್ಷದ ಬೇರು ಎರಡೇ ವರ್ಷದಲ್ಲಿ ಇಳಿಯಿತು. ಒಂದೇ ತೊಂದರೆ. ಇಷ್ಟು ಅವಸರದಲ್ಲಿ ಬೆಳೆದ ಬೇರಿಗೆ ಕೂಡಿಟ್ಟ ಆಹಾರ ಇರುವುದಿಲ್ಲ. ಎಲೆ ದಿನಾ ಊಟ ಕಳಿಸಬೇಕು. ಎಲೆ ಕೆಟ್ಟರೆ ಹದಿನೈದೇ ದಿನದಲ್ಲಿ ಬೇರು ಸೊರಗಿ ಮಣ್ಣನ್ನು ಬಿಟ್ಟುಬಿಡುತ್ತದೆ.

ಮಣ್ಣಿನ ಹಿಡಿತ ಎಷ್ಟಿದೆ ಎಂದು ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಒಂದು ಸಂಖ್ಯೆ ಹೊಳೆಯುತ್ತಿರುತ್ತದೆ. ಅರವತ್ತಕ್ಕಿಂತ ಮೇಲಿದ್ದರೆ ಬುಡದಲ್ಲಿ ಹೊಸದಾಗಿ ಕಟ್ಟಿದ ನಲವತ್ತೆರಡು ಲೈನ್ ಮನೆಗಳಲ್ಲಿ ಜನ ಇರಬಹುದು. ಕೆಳಗಿಳಿದರೆ ಲೈನ್ ಖಾಲಿ, ಮತ್ತೆ ಗೋದಾಮು. ಜಿಲ್ಲಾಡಳಿತದ ಷರತ್ತು ಅಷ್ಟೇ.

ಕಂಟ್ರೋಲ್ ರೂಮು ಅಂದರೆ ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಪಲ್ಪರ್ ಮನೆ. ಅಲ್ಲಿ ಎಂಟು ಗಂಟೆ ಒಬ್ಬನೇ ಕೂತರೆ ಯಾರಿಗಾದರೂ ತಲೆ ಕೆಡುತ್ತದೆ. ನನಗೆ ಮೊದಲೇ ಸ್ವಲ್ಪ ಕೆಟ್ಟಿತ್ತು. ಸಸಿಗಳಿಗೆ ನೀರು ಬಿಡುವ ಕೆಲಸ ದೊಡ್ಡವ್ವನದು. ಪ್ರತಿದಿನ ಹತ್ತೂವರೆಗೆ ಕೆಲಸ ನಿಲ್ಲಿಸಿ, ನಮ್ಮ ಮನೆ ಹಿಂದಿನ ಕಾಲುದಾರಿಯಲ್ಲಿ ಕರಿಬಂಡೆಯವರೆಗೆ ಹತ್ತಿ, ಅಲ್ಲಿ ಒಂದು ಎಲೆ ಅಡಿಕೆ ಇಟ್ಟು ಬರುತ್ತಿದ್ದಳು. ಸೂರಿನಡಿಯ ಅರೆಗತ್ತಲಲ್ಲಿ ತಲೆ ತಗ್ಗಿಸಿಕೊಂಡು ಅವಳು ನಡೆಯುವುದನ್ನು ಕ್ಯಾಮೆರಾದಲ್ಲಿ ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವಳ ತಲೆಯ ಮೇಲಿನ ಪಕಳೆಯನ್ನು ತೆರೆದೆ. ಅವಳು ಮುಂದೆ ಹೆಜ್ಜೆ ಇಟ್ಟಾಗ ಅದನ್ನು ಮುಚ್ಚಿ ಮುಂದಿನದನ್ನು ತೆರೆದೆ. ಒಂದು ದುಂಡನೆಯ ಬಿಸಿಲು ಅವಳ ಜೊತೆಗೇ ಗುಡ್ಡ ಹತ್ತಿತು.

ಮೈಕಿನಲ್ಲಿ ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಕೊಟ್ಟೆ. "ಢಣ್ ಢಢಣ್! ಇವಳು ಬಂದ್ರೆ ಬಿಸಿಲೇ ಎದ್ದು ನಿಲ್ಲುತ್ತೆ! ನೆರಳು ಚಪ್ಪಲಿ ಬಿಟ್ಟು ಓಡುತ್ತೆ! ದೇ...ವೀ...ರಮ್ಮ!"

"ಏಯ್ ಮೂದೇವಿ!" ಅವಳು ಆಕಾಶಕ್ಕೆ ಕೈ ಬೀಸಿದಳು. "ನಾನೇನ್ ಡ್ಯಾನ್ಸ್ ಮಾಡಾಕ್ ಹೊಂಟಿದ್ದೀನೇನ್ಲಾ? ಮುಚ್ಚಲಾ ಅದ!"

ಆದರೆ ನಕ್ಕಳು. ಗುಡ್ಡ ಜಾರಿದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ನಾನು ನಿಲ್ಲಿಸಲಿಲ್ಲ. ಎರಡು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳು ಬೈಯುವುದು ಬೇರೆ ವಿಷಯಕ್ಕೆ. "ನೀನು ಮೇಲ್ ಕುಂತ್ಕಂಡು ಬೆಳಕು ಬುಡ್ತೀಯ. ನಿಂಗೆ ಕೆಳಗೆ ಏನ್ ಕಾಣ್ತದೆ?"

ಅದು ಅವಳ ಹಳೇ ಕಸುಬಿನ ಮಾತು. ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಸವರಿ, ಗಿಡಕ್ಕೆ ಹದವಾಗಿ ಬೆಳಕು ಬಿಡುವುದಕ್ಕೆ ಮರಗಸಿ ಅನ್ನುತ್ತಾರೆ. ದೊಡ್ಡಪ್ಪ ಕತ್ತಿ ಹಿಡಿದು ಮರ ಹತ್ತುತ್ತಿದ್ದ. ಮೇಲಿದ್ದವನಿಗೆ ನೆಲದ ಮೇಲೆ ಬೆಳಕು ಎಷ್ಟು ಬಿತ್ತು ಎಂದು ತಿಳಿಯುವುದಿಲ್ಲ. ದೊಡ್ಡವ್ವ ಕೆಳಗೆ ನಿಂತು ನೋಡಿ ಕೂಗುತ್ತಿದ್ದಳು. "ಸವರೂ" ಅಂದರೆ ಕಡಿಯಬೇಕು. "ಬುಡೂ" ಅಂದರೆ ಆ ಕೊಂಬೆ ಇರಲಿ. ಮೂವತ್ತು ವರ್ಷ ಅವರಿಬ್ಬರ ಸಂಸಾರದಲ್ಲಿ ಹೆಚ್ಚಿನ ಮಾತು ಈ ಎರಡೇ ಇರಬೇಕು.

"ಒಂದೇ ಸಲಕ್ಕೆ ಬೋಳಿಸಬಾರ್ದು ಕಣ್ಲಾ," ಅನ್ನುವಳು. "ಬಿಸಿಲಿಗೂ ಗಿಡಕ್ಕೂ ಮದ್ಲು ಪರಿಚಯ ಮಾಡಿಸ್ಬೇಕು. ಏಕ್‌ದಂ ಮದ್ವೆ ಮಾಡಿಸ್ಬುಟ್ರೆ ಗಿಡ ಉಳಿಯಾಕಿಲ್ಲ."

ಮೇ ಒಂಬತ್ತನೇ ತಾರೀಕು ಮಧ್ಯಾಹ್ನ ಆ ಮದುವೆ ಆಗಿಹೋಯಿತು.

ಮೊದಲು ಗಾಳಿ ಬಂತು, ಹಿಂದೆಯೇ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಎಲ್ಲ ಪಕಳೆಗಳನ್ನೂ ಮುಚ್ಚುವ ಬಟನ್ ಒತ್ತಿದೆ. ಮುಚ್ಚಿಕೊಂಡವು. ಆದರೆ ದೊಡ್ಡವ್ವನ ದಾರಿಯ ಮೇಲಿನ ಸಾಲು ಮುಚ್ಚಲಿಲ್ಲ. ದಿನಾ ತೆರೆದು ಮುಚ್ಚಿ ತೆರೆದು ಮುಚ್ಚಿ ಅವುಗಳ ಕೀಲು ಸವೆದುಹೋಗಿತ್ತು. ಆ ಸಂದಿನಲ್ಲಿ ಗಾಳಿ ಒಳಹೊಕ್ಕಿತು, ಸೂರನ್ನು ಒಳಗಿನಿಂದ ಎತ್ತಿತು, ಎರಡೂ ಕಡೆಗೆ ಹರಿದುಕೊಂಡು ಹೋಯಿತು. ಪರದೆಯ ಮೇಲೆ ಹಸಿರು ಚುಕ್ಕಿಗಳು ಸಾಲುಸಾಲಾಗಿ ಕೆಂಪಾಗುವುದನ್ನು ನೋಡುತ್ತ ಕೂತೆ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಾವಿರದಲ್ಲಿ ಒಂಬತ್ತು ಸಾವಿರ ಪಕಳೆ ಹೋದವು. ಗೋಡೆಯ ಮೇಲೆ ಸಂಖ್ಯೆ ಎಪ್ಪತ್ತನಾಲ್ಕು.

ಮಾರನೇ ದಿನದಿಂದ ಮೋಡವಿಲ್ಲದ ಬಿಸಿಲು.

ತಸ್ನೀಮ್ ಮೇಡಂ ಬೆಂಗಳೂರಿನಿಂದ ಓಡಿಬಂದಾಗ ನಾಲ್ಕನೇ ದಿನ. ಗುಡ್ಡ ಸುಣ್ಣ ಚೆಲ್ಲಿದಂತಿತ್ತು. ನೆರಳಲ್ಲಿ ಬೆಳೆದ ಎಲೆ ಅಗಲ, ತೆಳು, ಕಪ್ಪುಹಸಿರು. ಸಿಕ್ಕ ಚೂರು ಬೆಳಕನ್ನೂ ಬಾಚಿಕೊಳ್ಳಲು ಮಾಡಿಸಿಟ್ಟದ್ದು. ಅದರ ಮೇಲೆ ಒಮ್ಮೆಲೇ ಕೊಡಗಟ್ಟಲೆ ಬೆಳಕು ಸುರಿದರೆ ಅದಕ್ಕೆ ಅರಗುವುದಿಲ್ಲ. ಬಿಳಿಚಿ, ಕಂದಾಗಿ, ಕೈಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಮೇಡಂ ಒಂದೊಂದು ಸಸಿಯ ಮುಂದೆ ಕೂತು ಏಳುತ್ತ ಹೋದರು. ಸಂಖ್ಯೆ ಆಗಲೇ ಅರವತ್ತೊಂಬತ್ತಕ್ಕೆ ಬಂದಿತ್ತು.

"ಬುದ್ಧಿ, ಇತ್ಲಾಗ್ ಬನ್ನಿ," ದೊಡ್ಡವ್ವ ಮೇಡಂ ಅವರನ್ನು ಕರೆದಳು. "ನಮ್ ದಾರಿ ಗಿಡ ನೋಡಿ."

ಕಾಲುದಾರಿಯ ಎರಡೂ ಬದಿಗೆ, ಎಂಟು ಹತ್ತು ಅಡಿ ಅಗಲಕ್ಕೆ, ಕರಿಬಂಡೆಯವರೆಗೂ ಸಸಿಗಳು ಹಸಿರಾಗಿದ್ದವು. ಎಲೆ ಚಿಕ್ಕದು, ದಪ್ಪ. ತುದಿಯಲ್ಲಿ ಕೆಂಪು ಚಿಗುರು. ಮೇಡಂ ಒಂದು ಎಲೆಯನ್ನು ಬೆರಳಲ್ಲಿ ಮಡಚಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಬಿಸಿಲು ಕಂಡಿರೋ ಎಲೆ. ಹೇಗೆ ಸಾಧ್ಯ? ನನ್ನ ಪ್ಲಾನ್‌ನಲ್ಲಿ ಇಲ್ಲಿಗೆ ಬಿಸಿಲೇ ಇಲ್ಲ." ಆಮೇಲೆ ನನ್ನ ಮುಖ ನೋಡಿದರು. "ಲೋಹಿತ್?"

ಪಲ್ಪರ್ ಮನೆಯಲ್ಲಿ ಕಂಪ್ಯೂಟರಿನ ದಾಖಲೆ ತೆಗೆದರು. ಏಳುನೂರಕ್ಕೂ ಹೆಚ್ಚು ದಿನ, ದಿನಾ ಹತ್ತೂವರೆಗೆ, ನೂರ ಹನ್ನೆರಡು ಪಕಳೆ ಒಂದರ ಹಿಂದೊಂದು. ನಾನು ಬಾಯಿಬಿಟ್ಟೆ. ಹೀರೋ ಎಂಟ್ರಿ, ಹಿನ್ನೆಲೆ ಸಂಗೀತ, ಎಲ್ಲ. ಸಾಮಾನ್ಯವಾಗಿ ನಾನು ಹೇಳಿದ್ದಕ್ಕೆ ಯಾರಾದರೂ ನಗುತ್ತಾರೆ.

"ಸೂರು ಎಲ್ಲಿಂದ ಹರಿದದ್ದು ಗೊತ್ತಾ ನಿನಗೆ?"

"ಗೊತ್ತು ಮೇಡಂ. ಆ ಸಾಲಿಂದಾನೇ."

"ಮೂವತ್ತು ಸಾವಿರ ಸಸಿ, ಲೋಹಿತ್. ಅದರ ಕೆಳಗೆ ನಲವತ್ತೆರಡು ಮನೆ." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಕಾಡಲ್ಲಿ ಎಲೆಗಳ ಸಂದಿನಿಂದ ಹೀಗೇ ಚೂರುಚೂರು ಬಿಸಿಲು ಬೀಳ್ತಾ, ಸರೀತಾ ಇರುತ್ತೆ. ಸಸಿ ಅದರಿಂದಲೇ ಕಲಿಯೋದು. ನಾನು ಬೆಳಕಿನ ಒಟ್ಟು ಲೆಕ್ಕ ಮಾತ್ರ ಇಟ್ಟೆ, ಅದು ಓಡಾಡೋದನ್ನ ಮರೆತೆ. ನೀನು ತಮಾಷೆಗೆ ಕಲಿಸಿದೆ. ತಮಾಷೆಗೇ ಹರಿದೂ ಹಾಕಿದೆ."

ನಾನು ಮೈಕಿನ ಸ್ವಿಚ್ಚು ಆರಿಸಿದೆ.

ಆ ಸಂಜೆ ಲೈನಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಮೇಡಂ ನೇರವಾಗಿ ಹೇಳಿದರು: ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹಳೇ ಎಲೆ ಕಲಿಯುವುದೂ ಇಲ್ಲ. ಹೊಸ ಎಲೆ ಮಾತ್ರ ಎಂಥ ಬೆಳಕಿನಲ್ಲಿ ಹುಟ್ಟುತ್ತದೋ ಅದಕ್ಕೆ ತಯಾರಾಗಿ ಹುಟ್ಟುತ್ತದೆ. ಅದು ಬರುವವರೆಗೆ, ಮೂರು ವಾರ, ಸಸಿಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕು. ಮಳೆಗೂ ಮೂರೇ ವಾರ ಇತ್ತು.

"ಪಡುವಲ ಬಿಸಿಲು ಮಲತಾಯಿ, ಮೂಡಲ ಬಿಸಿಲು ತಾಯಿ," ಅಂದಳು ದೊಡ್ಡವ್ವ. "ಗಿಡಗಳ ಪಡುವಲ ಮಗ್ಗುಲಿಗೆ ಮರೆ ಕಟ್ಟಿ. ಹೊತ್ತಾರೆ ಬಿಸಿಲು ಬೀಳ್ಲಿ. ನೆತ್ತಿಗೆ ಬರೋ ಹೊತ್ಗೆ ಮುಚ್ಬುಡಿ. ಸವರಾದು ಗೊತ್ತಿರೋರ್ಗೆ ಮುಚ್ಚಾದು ಗೊತ್ತಾಗಾಕಿಲ್ವಾ?"

ಲೈನಿನ ಕೊನೇ ಮನೆಯ ಸಣ್ಣಯ್ಯಣ್ಣ ಎದ್ದು ಒಳಗೆ ಹೋಗಿ ಹೆಂಡತಿಯ ಧಾರೆ ಸೀರೆ ತಂದು ಅಂಗಳದಲ್ಲಿ ಹಾಕಿದ. "ಗೋದಾಮ್ನಾಗೆ ಇದ್ನೇ ಗ್ವಾಡೆ ಮಾಡ್ಕಂಡಿದ್ದೊ. ಈಗ ಗಿಡುಕ್ಕೆ ಮಾಡಾನ. ನಾನಂತೂ ಅಲ್ಗೆ ತಿರ್ಗ ಹೋಗಾಕಿಲ್ಲ."

ನನ್ನ ವಿಷಯ ಅವರಿಗೆ ಇನ್ನೂ ಗೊತ್ತಿರಲಿಲ್ಲ. ನಾನೇ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಸಣ್ಣಯ್ಯಣ್ಣ ಬಂದು ನನ್ನ ಕೈಗೆ ಒಂದು ಹೊರೆ ಹಗ್ಗ ತುರುಕಿದ. "ಅಳಾದು ಆಮ್ಯಾಕೆ. ಕಟ್ಟೋಗು."

ಸೀರೆ, ಪಂಚೆ, ಕಾಫಿ ಒಣಗಿಸುವ ತಾಟು, ಗೋಣಿಚೀಲ, ಜರಿಗಿಡದ ಸೊಪ್ಪು, ಕೊನೆಗೆ ನನ್ನ ಕೋಣೆಯಲ್ಲಿದ್ದ ಸಿನಿಮಾ ಪೋಸ್ಟರುಗಳು. ಬೆಳಿಗ್ಗೆ ಐದಕ್ಕೆ ಎಲ್ಲರೂ ಗುಡ್ಡದ ಮೇಲೆ. ಹತ್ತೂವರೆಗೆ ಜೋಡಿಜೋಡಿಯಾಗಿ ಬೆಡ್‌ಶೀಟಿನ ತುದಿ ಹಿಡಿದು ಸಾಲುಗಳ ಮೇಲೆ ನಡೆಯುವುದು; ನೆರಳು ಸರಿದಂತೆ ಒಂದೊಂದು ಸಸಿಗೂ ಒಂದೆರಡು ನಿಮಿಷ ಬಿಸಿಲು ಸಿಗಬೇಕು. ಅಂದರೆ ಮೂವತ್ತು ಸಾವಿರ ಹೀರೋಗಳಿಗೆ ಕೈಯಾರೆ ಎಂಟ್ರಿ. ದೊಡ್ಡವ್ವ ಕೆಳಗೆ ನಿಂತು ಕೂಗುತ್ತಿದ್ದಳು. "ಬುಡೂ... ಎಡಕ್ಕೆ... ಆ ಸುರಹೊನ್ನೆಗೆ ಸಾಕು, ಮುಂದುಕ್ ನಡೀ..." ಗಂಟಲು ಕಟ್ಟಿದಾಗ ಕೈಯಲ್ಲಿ ತೋರಿಸಿದಳು.

ಅರವತ್ತಾರು. ಅರವತ್ತನಾಲ್ಕು. ಇಳಿಯುವುದು ನಿಧಾನವಾಯಿತು, ನಿಲ್ಲಲಿಲ್ಲ. ಒಂದು ಗುಡ್ಡವನ್ನು ಮುಚ್ಚುವಷ್ಟು ಸೀರೆ ನಲವತ್ತೆರಡು ಮನೆಯಲ್ಲಿ ಇರುವುದಿಲ್ಲ. ಮಧ್ಯಾಹ್ನ ಸಣ್ಣಯ್ಯಣ್ಣ ಬಿಸಿಲಿಗೆ ತಲೆ ತಿರುಗಿ ಬಿದ್ದ. ನೀರು ಚಿಮುಕಿಸಿದರೆ ಕಣ್ಣು ಬಿಟ್ಟು ಕೇಳಿದ್ದು, "ನಂಬ್ರು ಎಷ್ಟದೆ?"

ಮೇ ಇಪ್ಪತ್ತೇಳರ ಬೆಳಿಗ್ಗೆ ಗುಡ್ಡದ ಎಡಬದಿಯಲ್ಲಿ ಕೆಲವು ಸಸಿಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಕಂಡಿತು. ಹೊಸ ಚಿಗುರು. ಮೇಡಂ ನಿಂತಲ್ಲೇ ಕೂತು ಮುಖ ಮುಚ್ಚಿಕೊಂಡರು. ಅದೇ ಸಂಜೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಮಳೆ ಐದು ದಿನ ಮೊದಲೇ ಬಂದಿತ್ತು. ಗೋಡೆಯ ಮೇಲೆ ಐವತ್ತೆಂಟು.

ಎರಡು ಬಸ್ಸು ಬಂದವು. ಜನ ಪಾತ್ರೆ, ಪಡಿಚೀಲ ಹೊತ್ತು ಹತ್ತಿದರು. ಸೀರೆಗಳು ಗುಡ್ಡದ ಮೇಲೇ ಉಳಿದವು.

ಮೂರನೇ ದಿನ ಗೋದಾಮಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ದೊಡ್ಡವ್ವನ ತಟ್ಟೆ ಖಾಲಿ ಇತ್ತು, ಅವಳೂ ಇರಲಿಲ್ಲ. ಅವಳ ಎಲೆ ಅಡಿಕೆಯ ಚೀಲವೂ ಇರಲಿಲ್ಲ. ಹಾಲಿನ ವ್ಯಾನು ಹತ್ತಿದಳಂತೆ. ನಾನು ಯಾರದೋ ಬೈಕು ಕಿತ್ತುಕೊಂಡು ಹೋದೆ. ಕೆಸರು ನೀರು ಹರಿಯುತ್ತಿದ್ದ ಕಾಲುದಾರಿಯಲ್ಲಿ ಎರಡು ಸಲ ಬಿದ್ದು ಹತ್ತಿದೆ. ಕರಿಬಂಡೆಗೆ ಬೆನ್ನು ಕೊಟ್ಟು, ತಲೆ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಕೂತಿದ್ದಳು.

"ದೊಡ್ಡವ್ವಾ, ಕ್ಲೈಮ್ಯಾಕ್ಸ್ ಬಂದೈತೆ. ಇಳೀ."

"ನಿನ್ ಪಿಚ್ಚರ್ರು ನೀನ್ ನೋಡ್ಕೋ ಹೋಗು."

"ಗುಡ್ಡ ಬತ್ತದೆ ಕಣವ್ವಾ!"

"ಬರ್ಲಿ. ಹೋದ್ ಸಲ ಬಂದಾಗ ಅವ್ರೊಬ್ರೇ ಇದ್ರು. 'ಬುಡೂ' ಅನ್ನಾಕೂ ಕೆಳಗೆ ಯಾರೂ ಇರ್ನಿಲ್ಲ." ಮಳೆ ಅವಳ ಮುಖದ ಮೇಲೆ ಇಳಿಯುತ್ತಿತ್ತು. "ನಾನ್ ಅವತ್ತು ಸಂತೇಗ್ ಹೋಗಿದ್ದೆ ಕಣ್ಲಾ. ಬಳೆ ತರಾಕೆ."

ಐದು ವರ್ಷದಲ್ಲಿ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ನಾನು ಅವಳನ್ನು ಎತ್ತಿಕೊಳ್ಳಲು ಹೋದೆ, ಅವಳು ಒದ್ದಳು. ಎಳೆದಾಡುವಾಗಲೇ ಬಲಬದಿಯಿಂದ ಒಂದು ಸದ್ದು ಬಂತು. ಗುಡುಗಲ್ಲ. ದೊಡ್ಡ ಬಟ್ಟೆಯನ್ನು ಯಾರೋ ಮೆಲ್ಲಗೆ ಹರಿದಂತೆ. ಬೇರುಗಳು ಒಂದೊಂದಾಗಿ ಕಳಚುವ ಸದ್ದು.

"ಧೂಪ ಹಿಡ್ಕೋ!" ಅವಳೇ ಕೂಗಿದಳು.

ಇಬ್ಬರೂ ದಾರಿಪಕ್ಕದ ಧೂಪದ ಸಸಿಗಳನ್ನು ತಬ್ಬಿದೆವು. ನನ್ನ ತೋಳಿನಷ್ಟೇ ದಪ್ಪ. ಮೊದಲು ಬಲಬದಿ ಹೋಯಿತು. ಕಂಬಗಳು, ಸಸಿಗಳು, ಸೀರೆಗಳು, ಕೆಂಪು ಮಣ್ಣಿನ ಜೊತೆ ನಿಂತನಿಂತಲ್ಲೇ ಕೆಳಗೆ ಸಾಗಿದವು. ಆಮೇಲೆ ಎಡಬದಿ, ನಿನ್ನೆ ಮೊನ್ನೆ ಚಿಗುರಿದ್ದ ಎಡಬದಿ. ಒಂದು ಕಲ್ಲು ಉರುಳಿ ಬಂದು ದೊಡ್ಡವ್ವನ ಸೊಂಟಕ್ಕೆ ಬಡಿಯಿತು. ಅವಳು ಕೈ ಬಿಡಲಿಲ್ಲ. ನಮ್ಮ ಕಾಲ ಕೆಳಗಿನ ನೆಲ ಹಸುವಿನ ಮೈಯಂತೆ ಅದುರಿತು, ಅದುರಿತು, ನಿಂತಿತು.

ಎರಡು ಕಡೆಯೂ ಪ್ರಪಾತ. ನಡುವೆ ಎಂಟು ಹತ್ತು ಅಡಿ ಅಗಲದ ಹಸಿರು ಪಟ್ಟಿ, ಅದರ ತುದಿಯಲ್ಲಿ ಕರಿಬಂಡೆ, ಬಂಡೆಯ ಬುಡದಲ್ಲಿ ನಾವು.

ಇಳಿದು ಬಂದ ಮಣ್ಣು ಈ ಪಟ್ಟಿಗೆ ತಾಗಿ ಇಬ್ಭಾಗವಾಗಿತ್ತು. ಪಟ್ಟಿಯ ಬುಡದಲ್ಲಿದ್ದ ಒಂಬತ್ತು ಮನೆ ಉಳಿದವು, ಅದರಲ್ಲಿ ನಮ್ಮದೂ ಒಂದು. ಮೂವತ್ತಮೂರು ಹೋದವು. ಮನೆಯೊಳಗೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ. ಗೋದಾಮಿನಲ್ಲಿ ಸಣ್ಣಯ್ಯಣ್ಣ ನನ್ನನ್ನು ನೋಡಿ, "ನಿಮ್ ದೊಡ್ಡವ್ವನ ಮನೆ ಉಳ್ಕಂತಲ್ಲ ಬುಡು," ಅಂದ. ಸಿಟ್ಟಿನಲ್ಲಿ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಅವನು ನಿಜವಾಗಿಯೂ ಸಮಾಧಾನ ಮಾಡುತ್ತಿದ್ದ.

ಮೂವತ್ತಮೂರು ಹೋದದ್ದು ನನ್ನಿಂದ. ಒಂಬತ್ತು ಉಳಿದದ್ದೂ ನನ್ನಿಂದ. ಕಳೆದು ಕೂಡಿ ನೋಡಿದೆ, ಎಷ್ಟೋ ರಾತ್ರಿ.

ಮಳೆಗಾಲ ಮುಗಿದ ಮೇಲೆ ತಸ್ನೀಮ್ ಮೇಡಂ ಮತ್ತೆ ಬಂದರು. ನನ್ನನ್ನು ಕೆಲಸದಿಂದ ತೆಗೆದಿದ್ದರು, ಸರಿಯಾಗಿಯೇ ತೆಗೆದಿದ್ದರು. ಈ ಸಲ ಹೊಸ ಕೀಲಿನ ಸೂರು, ಹೊಸ ಸಸಿ, ಎಂಬತ್ತೆಂಟು ಸಾಲು. "ಪ್ರತಿ ಸಾಲಲ್ಲೂ ದಿನಾ ಒಬ್ಬರು ನಡೀಬೇಕು," ಅಂದರು. "ಅವರ ಮೇಲೆ ಬೆಳಕು ಸರೀಬೇಕು. ಕೆಳಗೆ ನಿಂತು ನೋಡೋ ಕಣ್ಣಿಲ್ಲದೆ ಇನ್ನು ಒಂದು ಪಕಳೆಯನ್ನೂ ನಾನು ತೆರೆಯಲ್ಲ." ಗೋದಾಮಿನವರೆಲ್ಲ ಹೆಸರು ಕೊಟ್ಟರು. ಮೊದಲ ಹೆಸರು ಸಣ್ಣಯ್ಯಣ್ಣನದು. ಕೊನೆಯದು ನನ್ನದು.

ದೊಡ್ಡವ್ವನಿಗೆ ಸೊಂಟ ಕೂಡಿಕೊಂಡಿತು, ಆದರೆ ಗುಡ್ಡ ಹತ್ತುವ ಕಾಲ ಮುಗಿಯಿತು. ಅವಳನ್ನು ಪಲ್ಪರ್ ಮನೆಯಲ್ಲಿ ಕುರ್ಚಿಗೆ ದಿಂಬು ಕೊಟ್ಟು ಕೂರಿಸಿದ್ದಾರೆ, ನಾನು ಕೂರುತ್ತಿದ್ದ ಕುರ್ಚಿ. ಮುಂದೆ ಬಟನ್ನು, ಪಕ್ಕದಲ್ಲಿ ಮೈಕು. ಸಸಿಗಳು ನನ್ನ ಹಿಮ್ಮಡಿಯಷ್ಟು ಎತ್ತರ ಇವೆ. ಗೋಡೆಯ ಮೇಲೆ ಸಂಖ್ಯೆ ಒಂಬತ್ತು. ಮುಂದಿನ ಮಳೆಗೆ ಏಳು ತಿಂಗಳಿದೆ.

ಇವತ್ತು ಮೊದಲ ದಿನ. ಹತ್ತೂವರೆಗೆ, ಕೈಯಲ್ಲಿ ಅವಳು ಕೊಟ್ಟ ಎಲೆ ಅಡಿಕೆ ಹಿಡಿದು, ಹಳೇ ದಾರಿಯಲ್ಲಿ ಹತ್ತಿದೆ. ಮೇಲೆ ಒಂದು ಪಕಳೆ ಕಿರ್ ಎಂದಿತು. ಬೆಳಕು ನನ್ನ ಎರಡು ಹೆಜ್ಜೆ ಹಿಂದೆ ಬಿತ್ತು. ಮುಂದೆ ಹೋದೆ. ಮತ್ತೆ ಎರಡು ಹೆಜ್ಜೆ ಹಿಂದೆ.

"ದೊಡ್ಡವ್ವಾ, ಲೈಟು ಲೇಟು!"

ಮೈಕು ಗೊರಗೊರ ಅಂದಿತು. "ನೀನ್ ನಿಧಾನುಕ್ ನಡೀಲಾ. ನಿಮ್ ದೊಡ್ಡಪ್ಪನೂ ಹಿಂಗೇಯ, ನಾನ್ ಕೂಗಾಕ್ ಮದ್ಲೇ ಕತ್ತಿ ಬೀಸೋರು."

ಕರಿಬಂಡೆಯ ಹತ್ತಿರ ಎಲೆ ಅಡಿಕೆ ಇಟ್ಟೆ. ಕೆಳಗೆ ಸಾಲುಸಾಲಾಗಿ ಜನ ತಲೆ ತಗ್ಗಿಸಿಕೊಂಡು ಹತ್ತುತ್ತಿದ್ದರು. ಎಲ್ಲರಿಗಿಂತ ಮುಂದೆ ಸಣ್ಣಯ್ಯಣ್ಣ.

"ಬೆಳಕು ಬುಡೂ," ಎಂದು ಕೂಗಿ, ಬೆಳಕು ನನ್ನನ್ನು ಮುಟ್ಟುವವರೆಗೆ ಕಾದು ನಿಂತೆ.